ಪೆಟ್ಟಿಗೆಯಲ್ಲಿ ಭಾವನ ದನಿ ಇರಲಿಲ್ಲ

ವಿಮಾನ ಬಿದ್ದ ನಾಲ್ಕನೆಯ ದಿನವೋ ಐದನೆಯ ದಿನವೋ, ಟಿವಿಯವರು "ಕಪ್ಪು ಪೆಟ್ಟಿಗೆ ಸಿಕ್ಕಿತು, ಪೆಟ್ಟಿಗೆ ಸಿಕ್ಕಿತು" ಎಂದು ಕೂಗತೊಡಗಿದರು. ಕೊಳ್ಳೇಗಾಲದಲ್ಲಿ ನಮ್ಮಕ್ಕನ ಮನೆ ತುಂಬ ನೆಂಟರು ಇನ್ನೂ ಚಾಪೆಯ ಮೇಲೆ ಕೂತಿದ್ದರು. ಗೋಡೆಗೆ ಒರಗಿ ಕೂತಿದ್ದ ಅಕ್ಕ ತಲೆ ಎತ್ತಿ ನನ್ನನ್ನು ಕೇಳಿದಳು: "ಆ ಪೆಟ್ಗೇಲಿ ಮಾತೆಲ್ಲ ತುಂಬ್ಕಂಡಿರ್ತದಂತಲ್ಲ, ಅವ್ರ ಮಾತೂ ಇರ್ತದಾ?"

ಅವರು ಎಂದರೆ ಭಾವ, ಅಕ್ಕನ ಗಂಡ. ಆ ವಿಮಾನದಲ್ಲಿದ್ದರು.

ಭಾವ ರೇಷ್ಮೆ ಸೀರೆ ನೇಯುವವರು. ಉತ್ತರದ ಯಾವುದೋ ಊರಿನಲ್ಲಿ ಕೈಮಗ್ಗದ ಮೇಳ, ಜನರ ಎದುರು ಕೂತು ನೇಯ್ದು ತೋರಿಸಬೇಕು, ವಿಮಾನದಲ್ಲೇ ಕರೆಸಿಕೊಳ್ಳುತ್ತೇವೆ ಎಂದು ಕರೆ ಬಂದಿತ್ತು. ಅವರು ಒಲ್ಲೆ ಎಂದರು. ಎತ್ತರವೆಂದರೆ ಅವರಿಗೆ ಜೀವ ಬಾಯಿಗೆ ಬರುತ್ತಿತ್ತು. ಬಿಳಿಗಿರಿರಂಗನ ಬೆಟ್ಟಕ್ಕೆ ಹೋದಾಗ ನಾವೆಲ್ಲ ಕಮರಿಯಂಚಿಗೆ ನಿಂತು ಕೆಳಗೆ ಯಳಂದೂರು ಎಲ್ಲಿ, ಕೆರೆ ಎಲ್ಲಿ ಎಂದು ಹುಡುಕುತ್ತಿದ್ದರೆ, ಅವರು ಗುಡಿಯ ಗೋಡೆಗೆ ಬೆನ್ನು ಕೊಟ್ಟು "ನೋಡುದ್ದು ಸಾಕು, ಬನ್ರವ್ವ" ಎನ್ನುತ್ತಿದ್ದರು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಕೂತು ಭಾವನಿಗೆ ನೆಲವೇ ಎತ್ತರವಾಗಿದೆ ಎಂದು ನಾನೇ ರೇಗಿಸುತ್ತಿದ್ದೆ.

ಹೊರಡಿಸಿದವಳು ಅಕ್ಕ. "ನಮ್ ಬೀದೀಲಿ ಯಾರ್ ಇಮಾನ ಅತ್ತವ್ರೆ? ಸುಮ್ಕೆ ಓಗ್ಬನ್ನಿ" ಎಂದು ಹೊಸ ಪಂಚೆ ಮಡಿಸಿ ಬ್ಯಾಗಿಗೆ ಇಟ್ಟಳು. ವಿಮಾನದಲ್ಲಿ ಕೂತ ಮೇಲೆ ಭಾವ ಫೋನ್ ಮಾಡಿದರು. "ಕಿಟ್ಕಿ ಪಕ್ಕಾನೇ ಕೂರ್ಸವ್ರೆ. ನಿನ್ ಮಾತ್ ಕೇಳಿ ಕೆಟ್ಟೆ ಕಣೆ" ಎಂದರಂತೆ. ಅಷ್ಟರಲ್ಲಿ ಫೋನ್ ಆಫ್ ಮಾಡಿ ಎಂದು ಯಾರೋ ಹೇಳಿದರು. ಆಗ ಅಕ್ಕನಿಗೆ ಅವರು ನಗುತ್ತ ಹೇಳಿದ ಹಾಗೆಯೇ ಕೇಳಿಸಿತ್ತು. ಸುದ್ದಿ ಬಂದ ಮೇಲೆ, ನಗುತ್ತಿದ್ದರೋ ಇಲ್ಲವೋ, ಎಷ್ಟು ನೆನೆದರೂ ಅವಳಿಗೆ ತಿಳಿಯದಾಯಿತು.

ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇತ್ತು. ಮಗ್ಗಕ್ಕೆ ಉದ್ದಕ್ಕೆ ಬಿಗಿದ ನೂಲನ್ನು ಹಾಸು ಎನ್ನುತ್ತೇವೆ. ನಮ್ಮ ಮನೆಗಳಲ್ಲಿ ಹಾಸನ್ನು ನಡುವೆ ಕತ್ತರಿಸುವುದಿಲ್ಲ. ನೇಯುತ್ತಿದ್ದವರು ತೀರಿಕೊಂಡರೆ ಮನೆಯವರೇ ಯಾರಾದರೂ ಕೂತು ಆ ಸೀರೆ ಮುಗಿಸಬೇಕು, ಆಗಲೇ ಹೋದವರಿಗೆ ಬಿಡುಗಡೆ ಎನ್ನುವುದು ಹಿರಿಯರ ಮಾತು. ಮಕ್ಕಳಿಲ್ಲದ ಮನೆ. ಅಕ್ಕನಿಗೆ ನೇಯಲು ಚೆನ್ನಾಗಿ ಬರುತ್ತದೆ. ಸೀರೆಯ ಬುಟ್ಟಾ ಹೂಗಳ ನಕ್ಷೆಯನ್ನು ಭಾವ ಗ್ರಾಫ್ ಕಾಗದದ ಮೇಲೆ ತಾವೇ ಬರೆದು, ಮಗ್ಗದಲ್ಲಿ ಹೂ ಎತ್ತುವ ಜಕಾರ್ಡಿನ ರಟ್ಟಿಗೆ ತೂತು ಹೊಡೆಯುವಾಗ ಪಕ್ಕದಲ್ಲಿ ಕೂತು ನಕ್ಷೆಯ ಚೌಕಗಳನ್ನು, ಅಂದರೆ ಮನೆಗಳನ್ನು, ಎಣಿಸಿ ಹೇಳುತ್ತಿದ್ದವಳೂ ಅವಳೇ. "ಮೂರ್ ಬುಡಿ, ಎರಡ್ ಒಡೀರಿ" ಎನ್ನುವಳು. ಭಾವ ಹೊಡೆದು "ಹೂಂ" ಎನ್ನುವರು. ಆ ಹೂಂ ಬಂದ ಮೇಲೆಯೇ ಮುಂದಿನ ಸಾಲು.

ತಿಥಿ ಮುಗಿದ ಮೇಲೆ ಭಾವನ ದೊಡ್ಡಪ್ಪ ಮಗ್ಗದ ಮಾತು ತೆಗೆದರು. ಅಕ್ಕ ಒಪ್ಪಲಿಲ್ಲ. "ನನ್ನ ಬೈಕಂಡು ಓದ್ರೋ ಏನೋ. ಅದು ತಿಳೀದೆ ಅವ್ರ ಜಾಗ್ದಲ್ಲಿ ಎಂಗೆ ಕೂರ್ಲಿ? ಪೆಟ್ಗೆ ಏನ್ ಯೋಳ್ತದೋ ಯೋಳ್ಲಿ, ಆಮ್ಯಾಕೆ ಕೂರ್ತೀನಿ" ಎಂದಳು. ದೊಡ್ಡಪ್ಪ ನನ್ನ ಮುಖ ನೋಡಿದರು.

ನಾನು ಹನೂರಿನ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಮನೆಯಲ್ಲಿ ಯಾರಿಗೆ ಏನು ತಿಳಿಯದಿದ್ದರೂ ನನ್ನನ್ನೇ ಕೇಳುವುದು. ಬೆಳಗಿನ ಬಸ್ಸಿನಲ್ಲಿ ಕಾಮಗೆರೆಯ ಹೊತ್ತಿಗೆ ಸೀಟು ಸಿಕ್ಕರೆ ಫೋನ್ ತೆಗೆದು ಓದಲು ಕೂರುತ್ತಿದ್ದೆ. ಅದು ಕಪ್ಪು ಪೆಟ್ಟಿಗೆಯೇ ಅಲ್ಲ. ಸುಟ್ಟ ರಾಶಿಯ ನಡುವೆಯೂ ಕಣ್ಣಿಗೆ ಬೀಳಲಿ ಎಂದು ಕಿತ್ತಳೆ ಬಣ್ಣ ಬಳಿದಿರುತ್ತಾರೆ. ಸಾಮಾನ್ಯವಾಗಿ ಎರಡಿರುತ್ತವೆ. ಒಂದು ವಿಮಾನದ ಎತ್ತರ, ವೇಗ, ಎಂಜಿನ್ನಿನ ಬಲ, ಮೂತಿ ಎತ್ತ ವಾಲಿತ್ತು, ಯಾವ ಸ್ವಿಚ್ಚು ಹೇಗಿತ್ತು, ಹೀಗೆ ನೂರಾರು ಸಂಗತಿಗಳನ್ನು ಕ್ಷಣಕ್ಷಣಕ್ಕೂ ಬರೆದುಕೊಳ್ಳುತ್ತದೆ. ಇನ್ನೊಂದು ಮುಂದಿನ ಕೋಣೆಯಲ್ಲಿ ಪೈಲಟ್‌ಗಳು ಆಡಿದ ಮಾತು, ಎಚ್ಚರಿಕೆಯ ಗಂಟೆ, ಸ್ವಿಚ್ಚಿನ ಟಕ್ ಎನ್ನುವ ಸದ್ದು ಎಲ್ಲವನ್ನೂ ಹಿಡಿದಿಡುತ್ತದೆ. ಹೊರಗಿನ ಕವಚ ಬೆಂದು ಹೋಗಿದ್ದರೂ ಒಳಗಿನ ಮೆಮೊರಿ ಚಿಪ್ ಬಿಡಿಸಿ, ಒರೆಸಿ, ಒಣಗಿಸಿ ಓದುತ್ತಾರೆ. ಎರಡು ಪೆಟ್ಟಿಗೆಗಳ ಗಡಿಯಾರವನ್ನೂ ನೆಲದ ಮೇಲಿನ ಕಂಟ್ರೋಲ್ ಕೋಣೆಯ ಗಡಿಯಾರವನ್ನೂ ಒಂದಕ್ಕೊಂದು ಹೊಂದಿಸುತ್ತಾರೆ. ಟಕ್ ಎಂದಿದ್ದು ಮೊದಲೋ ಎಂಜಿನ್ನಿನ ಬಲ ಇಳಿದಿದ್ದು ಮೊದಲೋ ಎಂದು ತಿಂಗಳುಗಟ್ಟಲೆ ತಾಳೆ ನೋಡುತ್ತಾರೆ. ಬಲು ತಾಳ್ಮೆಯ ಕೆಲಸ. ಓದುತ್ತ ಓದುತ್ತ ನಾನು ಮೆಚ್ಚಿಕೊಂಡೆ, ಮೆಚ್ಚಿಕೊಂಡಿದ್ದಕ್ಕೆ ನನ್ನ ಮೇಲೇ ನನಗೆ ಸಿಟ್ಟು ಬಂತು.

ಟಿವಿಯವರಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು? ಅವರ ಬಾಯಿಗೆ ಮಣ್ಣು ಹಾಕ. ಬೊಂಬೆ ವಿಮಾನವೊಂದನ್ನು ಜಾಹೀರಾತಿಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಬೀಳಿಸುತ್ತಿದ್ದರು. "ಪೆಟ್ಟಿಗೆ ಬಾಯಿ ಬಿಟ್ಟರೆ ಎಲ್ಲ ಸತ್ಯ ಹೊರಗೆ" ಎಂದರು. ಅಕ್ಕ ಅದನ್ನೇ ನಂಬಿ ಕೂತಳು.

ಪ್ರಯಾಣಿಕರ ಮಾತು ಹಿಡಿಯುವ ಮೈಕು ಎಲ್ಲೂ ಇಲ್ಲ ಎಂದು ಅವಳಿಗೆ ನೇರವಾಗಿಯೇ ಹೇಳಿದೆ. "ನಿನ್ ಪುಸ್ತಕ್ದಲ್ಲಿ ಎಲ್ಲಾ ಬರ್ದಿರ್ತಾರಾ? ತನಿಖೆ ಮಾಡೋರ್ನೇ ಕೇಳು" ಎಂದಳು. ಸತ್ತವರ ಮನೆಯವರಿಗೆಂದು ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಕಡೆಗೊಮ್ಮೆ ತನಿಖೆಯ ಕಡೆಯ ಅಧಿಕಾರಿಯೊಬ್ಬರು ಸಿಕ್ಕರು. ಒಳ್ಳೆಯ ಮನುಷ್ಯ, ಒಂದು ಮಾತನ್ನೂ ಗದರಿ ಹೇಳಲಿಲ್ಲ. ಮೈಕು ಇರುವುದು ಮುಂದಿನ ಕೋಣೆಯಲ್ಲಿ ಮಾತ್ರ, ಆ ದನಿಯನ್ನೂ ತನಿಖೆಯ ಕೆಲವರಷ್ಟೇ ಕೇಳುತ್ತೇವೆ, ಮನೆಯವರಿಗೆ ಕೇಳಿಸುವ ಹಾಗಿಲ್ಲ ಎಂದರು. ಈ ಕೆಲಸ ಯಾರನ್ನೋ ಶಿಕ್ಷಿಸಲು ಅಲ್ಲ, ಇನ್ನೊಂದು ವಿಮಾನ ಹೀಗೆ ಬೀಳದಿರಲಿ ಎಂದು ಅಷ್ಟೇ, ಎಂದೂ ಹೇಳಿದರು.

ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನನ್ನ ನಾಲಗೆಯ ತುದಿಗೆ ಬಂದು ನಿಂತಿತು. ನುಂಗಿಕೊಂಡು, "ಹಿಂದಿನಿಂದ ಕೂಗಿದ್ದು ಮುಂದಿನ ಮೈಕಿಗೆ ಸ್ವಲ್ಪವಾದರೂ ಬಿದ್ದಿರಬಹುದಲ್ಲವಾ?" ಎಂದು ಕೇಳಿದೆ. "ಬಾಗಿಲು ಮುಚ್ಚಿತ್ತು, ಮೇಡಂ" ಎಂದರು.

ಅದನ್ನು ಅಕ್ಕನಿಗೆ ಹೇಳಿದಾಗ, "ಕೊನೇ ವರದಿ ಬರ್ಲಿ ತಡಿ" ಎಂದಳು. ಆ ವರ್ಷ ಒಂಬತ್ತನೇ ತರಗತಿಗೆ ಚಲನೆಯ ಪಾಠ ಬಂದಾಗ ಬೋರ್ಡಿನ ಮೇಲೆ ಗ್ರಾಫ್ ಎಳೆಯಲು ಹೋಗಿ ಕೆಳಕ್ಕೆ ಇಳಿಯುವ ಗೆರೆಯ ಹತ್ತಿರ ನನ್ನ ಕೈ ನಿಂತುಬಿಟ್ಟಿತು. ಇಷ್ಟು ವರ್ಷ ಆ ಗೆರೆಯನ್ನು ಕಣ್ಣು ಮುಚ್ಚಿಕೊಂಡು ಎಳೆದಿದ್ದೇನೆ. ಮಕ್ಕಳಿಗೆ ಪುಸ್ತಕ ನೋಡಿಕೊಳ್ಳಿ ಎಂದು ಹೇಳಿ ಕುರ್ಚಿಯಲ್ಲಿ ಕೂತೆ.

ವರ್ಷ ಕಳೆದು ಇನ್ನೂ ಕೆಲವು ತಿಂಗಳಾದ ಮೇಲೆ ಕೊನೆಯ ವರದಿ ಬಂತು. ಅಷ್ಟು ದಿನವೂ ಹಾಸು ಮಗ್ಗದ ಮೇಲೇ ಇತ್ತು. ಅಕ್ಕ ಅದರ ಮೇಲೆ ಬಿಳಿ ಬಟ್ಟೆ ಹೊದಿಸಿದ್ದಳು, ದಿನವೂ ಧೂಳು ಕೊಡವಿ ಮತ್ತೆ ಹೊದಿಸುತ್ತಿದ್ದಳು. ಬಸ್ ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ನಾನು ವರದಿಯನ್ನು ಪ್ರಿಂಟ್ ಹಾಕಿಸಿದೆ. ಅಂಗಡಿಯಲ್ಲೇ ನಿಂತು ಕೊನೆಯ ಪುಟದವರೆಗೂ ತಿರುವಿ ಹಾಕಿದೆ. ಎಂಜಿನ್ನಿನ ಬಗ್ಗೆ ಇತ್ತು, ಪೈಲಟ್‌ಗಳ ತರಬೇತಿಯ ಬಗ್ಗೆ ಇತ್ತು, ಇನ್ನು ಮುಂದೆ ಏನೇನು ಬದಲಾಗಬೇಕು ಎಂದೂ ಇತ್ತು. ಅಕ್ಕನಿಗೆ ಬೇಕಾದ್ದು ಒಂದೂ ಇರಲಿಲ್ಲ. ಸುಳ್ಳು ಹೇಳಿಬಿಡಲೇ, ಎಲ್ಲರೂ ನಿದ್ದೆಯಲ್ಲಿದ್ದರಂತೆ ಎನ್ನಲೇ ಎಂದು ಮನೆಯವರೆಗೂ ಯೋಚಿಸುತ್ತ ನಡೆದೆ.

ಸುಳ್ಳು ಹೇಳಲು ಅವಳು ಬಿಡಲೇ ಇಲ್ಲ. ಕೈಯಿಂದ ಕಾಗದ ಕಿತ್ತುಕೊಂಡು ಹಾಳೆ ಮಗುಚಿದಳು. ಅಕ್ಷರದ ಪುಟಗಳನ್ನೆಲ್ಲ ದಾಟಿ ಗ್ರಾಫಿನ ಪುಟ ಬಂದ ಕೂಡಲೇ ನಿಂತಳು.

"ಇದು ನಮ್ ನಕ್ಸೆ ಇದ್ದಂಗೇ ಅದಲ್ಲ" ಎಂದಳು. ಆಮೇಲೆ, "ಇದ್ರಲ್ಲಿ ಅವ್ರ ಎಳೆ ಯಾವ್ದು?"

ಇದು ಎತ್ತರ, ಇದು ವೇಗ, ಇವೆರಡು ಎಂಜಿನ್ನು, ಇದು ಮೂತಿ ವಾಲಿದ್ದು ಎಂದು ಒಂದೊಂದೇ ಗೆರೆಯ ಮೇಲೆ ಬೆರಳಿಟ್ಟು ತೋರಿಸಿದೆ. "ಭಾವಂದು ಇಲ್ಲ ಅಕ್ಕ. ಒಳಗೆ ಕೂತೋರ್ದು ಯಾರ್ದೂ ಇಲ್ಲ."

ಅವಳು ಅಳಲಿಲ್ಲ. "ಎದ್ರಿಕೆ ಎಲ್ಲಿಂದ ಸುರು?" ಎಂದು ಕೇಳಿದಳು.

ಮೂತಿಯ ಗೆರೆ ಕೆಳಕ್ಕೆ ತಿರುಗಿದ ಕಡೆ ಬೆರಳಿಟ್ಟೆ. ಎಲ್ಲ ಗೆರೆಗಳೂ ಒಟ್ಟಿಗೆ ನಿಂತುಹೋದ ಕಡೆಯನ್ನು ತೋರಿಸಬೇಕಾಗಿರಲಿಲ್ಲ, ಅದು ಅವಳಿಗೇ ಕಂಡಿತು. ಒಂದು ಮನೆ ಎಂದರೆ ಎಷ್ಟು ಹೊತ್ತು ಎಂದು ಕೇಳಿದಳು, ಹೇಳಿದೆ. ಉಗುರಿನ ತುದಿಯಿಂದ ಮನೆ ಎಣಿಸತೊಡಗಿದಳು, ಗಟ್ಟಿಯಾಗಿ, ರಟ್ಟಿಗೆ ತೂತು ಹೊಡೆಸುವಾಗ ಎಣಿಸುತ್ತಿದ್ದ ಅದೇ ರಾಗದಲ್ಲಿ. ಒಂದೊಂದು ಮನೆಗೂ ಹೂಂ ಎನ್ನುವಷ್ಟು ಹೊತ್ತು ನಿಲ್ಲಿಸುತ್ತಿದ್ದಳು. ನನಗೆ ಎದ್ದು ಓಡಿಹೋಗೋಣ ಎನ್ನಿಸಿತು. ಎಷ್ಟು ಮನೆ ಬಂತು ಎಂದು ಇಲ್ಲಿ ಬರೆಯಲಾರೆ.

"ಇಷ್ಟೊತ್ತು ಸಾಕು ಕಣವ್ವ, ಕಟ್ಕಂಡೋಳ್ನ ಬೈಯೋಕೆ" ಎಂದಳು.

"ನೆನೆಸ್ಕಳೋಕೂ ಸಾಕಲ್ವಾ ಅಕ್ಕ?"

"ಸಾಕು. ಎರಡ್ಕೂ ಸಾಕು. ಯಾವ್ದು ಅಂತ ಯೋಳೋರ್ಯಾರು?"

ಎದ್ದು ಹೋಗಿ ಮಗ್ಗದ ಮೇಲಿನ ಬಟ್ಟೆ ತೆಗೆದಳು. ಕೂರುತ್ತಾಳೇನೋ ಎಂದು ಒಂದು ಗಳಿಗೆ ನನಗೆ ಆಸೆಯಾಯಿತು. ಅವಳು ಗೂಡಿನಿಂದ ಕತ್ತರಿ ತೆಗೆದಳು. "ತಿಳೀದೆ ಕೂರಕ್ಕಾಗಕಿಲ್ಲ. ಈ ಕಡೆ ಇಡ್ಕೊ, ಸಿಕ್ಕಾಯ್ತದೆ" ಎಂದಳು. ನಾನು ಹಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೇಡ ಎನ್ನಲು ವರದಿಯ ಅಷ್ಟೊಂದು ಪುಟಗಳಲ್ಲಿ ಒಂದು ಸಾಲೂ ನನಗೆ ಸಿಕ್ಕಿರಲಿಲ್ಲ.