ಸುಣ್ಣದ ಗೆರೆಯ ಮೇಲೆ ಏಳು ಕಲ್ಲು

ನಾನು ನಿಂತಿದ್ದುದು ಹೊರಮಾವಿನ ಒಂದು ಶಾಲೆಯ ಗೇಟಿನಿಂದ ಒಂಬತ್ತು ಹೆಜ್ಜೆ ಪೂರ್ವಕ್ಕೆ, ಚರಂಡಿಯ ಚಪ್ಪಡಿಯ ಮೇಲೆ, ರಸ್ತೆಗೆ ಮುಖ ಮಾಡಿಕೊಂಡು. 2003ರ ಜನವರಿ, ಸಂಕ್ರಾಂತಿ ಕಳೆದ ವಾರದ ಬುಧವಾರ, ಸಂಜೆ ಐದಕ್ಕೆ ಹತ್ತು ನಿಮಿಷ. ಕೈಗಡಿಯಾರ ನೋಡಿದ್ದೆ, ಶಾಲೆಯ ಗಂಟೆ ತಡವಾಗಿ ಹೊಡೆಯಿತೆಂದು ಮನಸ್ಸಿನಲ್ಲೇ ಗೊಣಗಿಕೊಂಡದ್ದೂ ನೆನಪಿದೆ. ಇಷ್ಟು ನಿಖರವಾಗಿ ಹೇಳಲು ಕಾರಣವಿದೆ. ಮುಂದೆ ಬರೆಯುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಯಾವುದೋ ತಿರುವಿನಲ್ಲಿ ದೆವ್ವವಿದೆ, ಅದಕ್ಕೇ ಅಲ್ಲಿ ಜನ ಸಾಯುತ್ತಾರೆ ಎಂದು ಹೇಳುವವರನ್ನು ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ಅಲ್ಲಿ ರಸ್ತೆಯ ಅಗಲ ಎಷ್ಟು? ಯಾರೂ ಅಳೆದಿರುತ್ತಿರಲಿಲ್ಲ.

ನಾನು ದಾವಣಗೆರೆಯ ಕಡೆಯವನು. ಶಿವಾಜಿನಗರದ ಕಚೇರಿಯೊಂದರಲ್ಲಿ ನಕ್ಷೆ ಬಿಡಿಸುವ ಕೆಲಸದಲ್ಲಿದ್ದೆ. ಹೊರಮಾವು ಇನ್ನೂ ಅರ್ಧ ಹಳ್ಳಿಯಾಗಿದ್ದಾಗ ಅಲ್ಲಿ ಮನೆ ಮಾಡಿದೆ. ಮಗಳು ಅದೇ ಶಾಲೆಯಲ್ಲಿ ಮೂರನೆಯ ತರಗತಿ. ಹೊಸ ಕಟ್ಟಡಗಳಿಗೆ ನೀರು, ಜಲ್ಲಿ, ಮರಳು ಹೊತ್ತ ಲಾರಿಗಳು ಹಗಲೆಲ್ಲ ಶಾಲೆಯ ಮುಂದೆಯೇ ಓಡುತ್ತಿದ್ದವು. ಪೂರ್ವದಿಂದ ಬರುವವು ಸಣ್ಣದೊಂದು ಏರು ಹತ್ತಿ ಶಾಲೆಯ ಮುಂದೆ ಏಕಾಏಕಿ ಕಾಣಿಸಿಕೊಳ್ಳುತ್ತಿದ್ದವು. ಮಕ್ಕಳು ದಾಟುವುದೂ ಅಲ್ಲೇ.

ಹಿಂದಿನ ಮಳೆಗಾಲದಲ್ಲಿ ಮುನಿರಾಜು ಸತ್ತದ್ದು ಅಲ್ಲಲ್ಲ, ಇನ್ನೂ ಕೆಳಗೆ, ಮೋರಿಯ ಹತ್ತಿರ. ಆತ ಶಾಲೆಯ ಕಾವಲುಗಾರ. ಸೈಕಲ್ಲಿನಲ್ಲಿ ಮನೆಗೆ ಹೋಗುವಾಗ ಲಾರಿ ತಗುಲಿತು. ಅವನ ಹೆಂಡತಿ ರತ್ನಮ್ಮ ಅದೇ ಶಾಲೆಯ ಆಯಾ. ರಸ್ತೆಯಲ್ಲಿ ಯಾರಾದರೂ ಸತ್ತರೆ ಆ ಜಾಗವನ್ನು ಯಾರೂ ತುಳಿಯಬಾರದೆಂದು ಸುತ್ತ ಕಲ್ಲಿಡುವುದು ನಮ್ಮಲ್ಲಿ ರೂಢಿ. ಪೊಲೀಸರು ಅಳತೆ ಮುಗಿಸಿ ಹೋದ ಮೇಲೆ ಆ ಕಲ್ಲುಗಳನ್ನು ಎತ್ತುವುದು ಮಾತ್ರ ಯಾರ ರೂಢಿಯೂ ಅಲ್ಲ. ಮುನಿರಾಜುವಿನ ಸುತ್ತ ಇಟ್ಟದ್ದು ಏಳು ಕಲ್ಲು. ಅವುಗಳಲ್ಲಿ ಆರು, ಕೈಗೆ ಸಿಕ್ಕ ದಪ್ಪ ಕಲ್ಲುಗಳು. ಏಳನೆಯದು ಯಾರದೋ ಹಿತ್ತಿಲಿನ ಒಡೆದ ಒರಳುಕಲ್ಲಿನ ಅರ್ಧ, ಗುಳಿಯ ಅಂಚಿನಲ್ಲಿ ಚಂದ್ರನಂತೆ ಒಂದು ಚಕ್ಕೆ ಎದ್ದಿತ್ತು. ಮೂರನೆಯ ದಿನ ಸ್ಕೂಟರಿನ ಹೆಂಗಸೊಬ್ಬಳು ಆ ಕಲ್ಲುಗಳಿಗೇ ತಗುಲಿ ಬಿದ್ದು ಕೈ ಮುರಿದುಕೊಂಡಳು. ನನಗೆ ಸಿಟ್ಟು ಬಂತು. ಶಾಲೆಯ ಎದುರಿನ ಪಂಕ್ಚರ್ ಅಂಗಡಿಯ ಭಾಷಾನನ್ನು ಕರೆದುಕೊಂಡು ಹೋದೆ.

ರತ್ನಮ್ಮನನ್ನು ಒಂದು ಮಾತು ಕೇಳಬೇಕು ಅನ್ನಿಸಿತು. ಆಕೆ ಹೇಳಿದ್ದು ಇಷ್ಟು: "ಎತ್ತಿ ಬಿಸಾಕಿ ಸಾರ್. ನಾವು ಬೌದ್ಧರು, ದೆವ್ವ ಗಿವ್ವ ನಂಬೋರಲ್ಲ. ನಮ್ಮನೇರು ಹೋದ್ರು ಅಂತ ಇನ್ನೊಬ್ರ ಮನೇರು ಯಾಕೆ ಬೀಳ್ಬೇಕು?"

ಭಾಷಾ ಮತ್ತು ನಾನು ಏಳೂ ಕಲ್ಲುಗಳನ್ನು ಶಾಲೆಯ ಹಿಂದಿನ ಪಾಳು ಬಾವಿಗೆ ಹಾಕಿದೆವು. ಒರಳುಕಲ್ಲನ್ನು ಇಬ್ಬರೂ ಸೇರಿ ಎತ್ತಬೇಕಾಯಿತು. ಅದು ನೀರಿಗೆ ಬಿದ್ದ ಸದ್ದು ನನಗೂ ಕೇಳಿಸಿತು, ಹಿಂದೆ ನಿಂತಿದ್ದ ರತ್ನಮ್ಮನಿಗೂ.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ರಸ್ತೆಗೆ ಹಂಪು ಬೇಕು, ದಾಟಲು ಬಿಳಿ ಪಟ್ಟೆ ಬೇಕು ಎಂದು ಅರ್ಜಿ ಕೊಟ್ಟೆ. ಉತ್ತರ ಬರುವ ತನಕ ನಮ್ಮದೇ ಒಂದು ವ್ಯವಸ್ಥೆ ಇರಲಿ ಎಂದು ನಾಲ್ಕು ದಿನ ಬೆಳಿಗ್ಗೆ, ಕಚೇರಿಗೆ ಹೊರಡುವ ಮುಂಚೆ, ಟೇಪು ಹಿಡಿದು ರಸ್ತೆ ಅಳೆದೆ. ಏರಿನ ನೆತ್ತಿಯಲ್ಲಿ ಭಾಷಾನನ್ನು ನಿಲ್ಲಿಸಿ, ಎಲ್ಲಿಂದ ಎಲ್ಲಿಗೆ ಕಾಣುತ್ತದೆ ಎಂದು ಗುರುತು ಹಾಕಿದೆ. ಗೇಟಿನಿಂದ ಒಂಬತ್ತು ಹೆಜ್ಜೆ ಪೂರ್ವಕ್ಕಿರುವ ಜಾಗವೇ ಸರಿ ಎಂದು ನಕ್ಷೆ ಹೇಳಿತು. ಅಲ್ಲಿ ಖೋಖೋ ಅಂಕಣಕ್ಕೆ ಹಾಕುವ ಸುಣ್ಣದ ಪುಡಿಯಿಂದ ಪಟ್ಟೆ ಎಳೆಯುವುದು, ಮಕ್ಕಳನ್ನು ಹಗ್ಗದ ಹಿಂದೆ ಸಾಲಾಗಿ ನಿಲ್ಲಿಸುವುದು, ಕೆಂಪು ಬಾವುಟ ಹಿಡಿದು ದಾಟಿಸುವುದು. ಮೊದಲ ದಿನಕ್ಕೆಂದು ನಾನು ಅರ್ಧ ದಿನ ರಜೆ ಹಾಕಿದೆ. ಆ ಬುಧವಾರವೇ ಅದು.

ಪಟ್ಟೆ ಎಳೆಯುವಾಗ ಭಾಷಾ ಅಂಗಡಿಯಿಂದ ಎದ್ದು ಬಂದ. "ಸಾರ್, ಸುಣ್ಣ ನೋಡಿ ಲಾರಿ ನಿಲ್ಲುತ್ತಾ? ಖೋಖೋ ಆಡ್ತಾ ಅವ್ರೆ ಅಂತ ಹಾರ್ನ್ ಹೊಡ್ಕೊಂಡು ಹೋಗ್ತಾನೆ ಅಷ್ಟೆ."

"ನಿಲ್ಲೋದು ಅಭ್ಯಾಸ ಆಗ್ಬೇಕಪ್ಪ. ಅದಕ್ಕೇ ಹಗ್ಗ ತಂದಿರೋದು."

"ಹಗ್ಗ ಮಕ್ಕಳಿಗೋ ಲಾರಿಗೋ?" ಎಂದಳು ರತ್ನಮ್ಮ, ಹಗ್ಗದ ಇನ್ನೊಂದು ತುದಿ ಹಿಡಿದು.

"ಮೊದ್ಲು ಸಾರ್‌ಗೇ ಕಟ್ಟಮ್ಮ," ಎಂದ ಭಾಷಾ. "ಮಧ್ಯಾಹ್ನದಿಂದ ರೋಡಲ್ಲೇ ಅವ್ರೆ."

ಗಂಟೆ ಹೊಡೆಯಿತು. ಮಕ್ಕಳು ಬಂದು ಹಗ್ಗದ ಹಿಂದೆ ನಿಂತರು. ಹದಿನೈದು ಹದಿನಾರು ಮಕ್ಕಳು. ಮುಂದೆ ಬಾವುಟ ಹಿಡಿದ ನನ್ನ ಮಗಳು. ಪಟ್ಟೆ ನೋಡಿದೆ. ಬೆಳ್ಳಗೆ, ನೇರವಾಗಿ, ಖಾಲಿಯಾಗಿತ್ತು. ಕೆ.ಆರ್. ಪುರದ ಕಡೆಯಿಂದ ಒಂದು ಬಸ್ಸು ಬಂತು. ನಿಲ್ಲಲಿಲ್ಲ, ಯಾರೂ ಇಳಿಯಲಿಲ್ಲ. ಅದು ನಮ್ಮ ಮುಂದೆ ಹಾದುಹೋಗಲು ಮೂರು ಸೆಕೆಂಡು, ಬಹಳವೆಂದರೆ ನಾಲ್ಕು.

ಬಸ್ಸು ಹೋದ ಮೇಲೆ ಪಟ್ಟೆಯ ನಡುವೆ ಏಳು ಕಲ್ಲುಗಳಿದ್ದವು.

ಸುತ್ತಾಗಿ ಇಟ್ಟಂತಿದ್ದವು, ಒಬ್ಬ ಮನುಷ್ಯ ಮಲಗುವಷ್ಟು ಉದ್ದಕ್ಕೆ. ನಮಗೆ ಹತ್ತಿರವಿದ್ದದ್ದು ಅರ್ಧ ಒರಳುಕಲ್ಲು. ಅಂಚಿನಲ್ಲಿ ಚಂದ್ರನಂಥ ಚಕ್ಕೆ. ಕಲ್ಲು ಒದ್ದೆಯಾಗಿತ್ತು, ಅದರ ಕೆಳಗಿನ ಸುಣ್ಣ ನೆನೆದು ಬೂದು ಬಣ್ಣಕ್ಕೆ ತಿರುಗುತ್ತಿತ್ತು.

ಆಗ ನನಗೆ ಭಯವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಸಿಟ್ಟು ಬಂತು. ಯಾರೋ ನನ್ನ ಕೆಲಸ ಕೆಡಿಸಿದರು ಎಂದಷ್ಟೇ ತಲೆಯಲ್ಲಿತ್ತು. ಮಕ್ಕಳು ಮಾತ್ರ ಕಲ್ಲಿನ ಸುತ್ತು ಕಂಡ ಕೂಡಲೇ ತಮಗೆ ಮನೆಯಲ್ಲಿ ಹೇಳಿಕೊಟ್ಟದ್ದನ್ನು ಮಾಡಿದರು. ಅಂಥ ಜಾಗವನ್ನು ದಾಟಬಾರದು. ಹಗ್ಗದ ಹಿಂದಿನಿಂದಲೇ ಎಡಕ್ಕೆ ತಿರುಗಿ, ಸಾಲು ಕೂಡ ಮುರಿಯದೆ, ಪಶ್ಚಿಮದ ಹುಣಸೆ ಮರದ ಕಡೆಗೆ ಅಂಚಿನಲ್ಲೇ ನಡೆದರು. ಮುಂದೆ ನನ್ನ ಮಗಳ ಕೆಂಪು ಬಾವುಟ. "ಇಲ್ಲೇ ನಿಲ್ಲಿ, ತೆಗೀತೀನಿ," ಎಂದು ಕೂಗಿದೆ. ಯಾರೂ ನಿಲ್ಲಲಿಲ್ಲ. ಕಲ್ಲೆತ್ತಲು ನಾನು ಚಪ್ಪಡಿಯಿಂದ ಒಂದು ಕಾಲು ಕೆಳಗಿಟ್ಟೆ. ರತ್ನಮ್ಮ ನನ್ನ ಅಂಗಿಯ ತೋಳು ಹಿಡಿದಳು.

"ಬಿಡಿ ಸಾರ್," ಎಂದಳು. ಅಷ್ಟೇ. ಕೈ ಮಾತ್ರ ಬಿಡಲಿಲ್ಲ.

ನೀರಿನ ಟ್ಯಾಂಕರೊಂದು ಏರು ಹತ್ತಿ ಬಂತು. ಹಾರ್ನ್ ಇಲ್ಲ, ಬ್ರೇಕಿನ ಸದ್ದಿಲ್ಲ. ನನ್ನ ಪಟ್ಟೆಯ ಮೇಲೆ, ಕಲ್ಲುಗಳ ಮೇಲೆ ನೇರವಾಗಿ ಹಾದು, ಮೂವತ್ತು ಅಡಿ ಮುಂದೆ ಹೋಗಿ, ಹುಣಸೆಯ ನೆರಳು ಮುಟ್ಟಿದ ಮೇಲೆ ಒಮ್ಮೆಲೇ ಬ್ರೇಕು ಹಿಡಿದು ನಿಂತಿತು. ಮರದ ಆಚೆ ಮಕ್ಕಳು ಅಂಚಿನಲ್ಲೇ ನಿಂತಿದ್ದರು. ಯಾರಿಗೂ ಏನೂ ಆಗಲಿಲ್ಲ.

ಚಾಲಕ ಇಳಿದ. ಭಾಷಾ ಅವನ ಕೊರಳಪಟ್ಟಿ ಹಿಡಿದು, "ಕಣ್ಣು ಎಲ್ಲಿಟ್ಟಿದ್ದೆ ಗುರು, ಮನೇಲಾ?" ಎಂದ.

"ಬಿಸಿಲು ಅಣ್ಣ, ನೇರ ಕಣ್ಣಿಗೇ ಹೊಡೀತು. ನೆರಳಿಗೆ ಬರೋ ಗಂಟ ಏನೂ ಕಾಣಿಸ್ಲಿಲ್ಲ. ಮಕ್ಳಿದ್ರಾ?"

ನಾನು ಪಶ್ಚಿಮಕ್ಕೆ ತಿರುಗಿ ನೋಡಿದೆ. ಸೂರ್ಯ ರಸ್ತೆಯ ಆ ತುದಿಯ ನೇರಕ್ಕೆ ಕೂತಿದ್ದ. ನಾಲ್ಕು ದಿನ ಅಳೆದಿದ್ದೆ, ನಾಲ್ಕೂ ದಿನ ಬೆಳಿಗ್ಗೆ, ಸೂರ್ಯ ಬೆನ್ನ ಹಿಂದಿದ್ದಾಗ. ಸಂಜೆ ಆ ಹೊತ್ತಿಗೆ ನಾನು ಕಚೇರಿಯಲ್ಲಿರುತ್ತಿದ್ದೆ. ಏರು ಹತ್ತಿ ಬರುವ ಚಾಲಕನಿಗೆ ಆ ಒಂಬತ್ತನೆಯ ಹೆಜ್ಜೆಯ ಜಾಗ ಬರೀ ಬೆಳಕು. ಮಕ್ಕಳನ್ನು ಸಾಲಾಗಿ ಕರೆತಂದು ನಾನು ಅಲ್ಲಿಗೇ ಇಳಿಸಲು ಹೊರಟಿದ್ದೆ.

ಆರು ಕಲ್ಲುಗಳು ಚಕ್ರಕ್ಕೆ ಸಿಕ್ಕಿ ಚೆದುರಿದ್ದವು. ಒರಳುಕಲ್ಲು ಚರಂಡಿಯ ಅಂಚಿಗೆ ಬಂದು ಬಿದ್ದಿತ್ತು, ಮೈಮೇಲೆ ಟೈರಿನ ಗುರುತು. ಭಾಷಾ ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಮುಖ ನೋಡಿದ.

ಯೋಚಿಸದೆ ಬಿಟ್ಟಿಲ್ಲ. ಬಸ್ಸಿನಿಂದ ಯಾರಾದರೂ ಎಸೆದಿರಬಹುದೇ? ಏಳು ಕಲ್ಲು ಎಸೆದರೆ ಸುತ್ತಾಗುವುದಿಲ್ಲ. ಒರಳುಕಲ್ಲನ್ನು ಒಬ್ಬನೇ ಎತ್ತಲಾರ. ಮೊದಲೇ ಅಲ್ಲಿದ್ದು ನಾನೇ ಗಮನಿಸಲಿಲ್ಲವೇ? ಅಲ್ಲಿ ಮಂಡಿಯೂರಿ ಸುಣ್ಣ ಎಳೆದವನು ನಾನು. ಬಾವಿಗಿಳಿದು ನೋಡಬೇಕೆಂದು ಭಾಷಾನಿಗೆ ಹೇಳಿದ್ದೆ. ಅವನು ಹಗ್ಗ ತರುವಷ್ಟರಲ್ಲಿ ಬೇಸಿಗೆ ಬಂತು, ಬಾವಿ ಮುಚ್ಚಿ ಅಡಿಪಾಯ ಹಾಕಿದರು. ಈಗ ಅದರ ಮೇಲೆ ನಾಲ್ಕು ಅಂತಸ್ತು ನಿಂತಿದೆ.

ಕಲ್ಲಿನ ವಿಷಯ ನನಗೆ ತಿಳಿಯದು. ರಸ್ತೆಯ ವಿಷಯ ತಿಳಿಯುತ್ತದೆ, ಅದನ್ನು ಅಳುಕಿಲ್ಲದೆ ಹೇಳುತ್ತೇನೆ. ಮಕ್ಕಳು ದಾಟುವ ಜಾಗವನ್ನು ಮಕ್ಕಳು ದಾಟುವ ಹೊತ್ತಿನಲ್ಲೇ ನೋಡಬೇಕು, ಚಾಲಕ ಕೂರುವ ಕಡೆಯಿಂದ ನೋಡಬೇಕು. ಆ ವಾರವೇ ಪಟ್ಟೆಯನ್ನು ಹುಣಸೆಯ ನೆರಳಿಗೆ ಸರಿಸಿದೆವು. ಏರಿನ ನೆತ್ತಿಗೆ ಊರವರೇ ಒಂದು ಹಂಪು ಹಾಕಿದರು, ಅದಕ್ಕೆ ಬಣ್ಣ ಬಳಿಯುವ ಕೆಲಸ ವರ್ಷಕ್ಕೆ ಎರಡು ಸಲ ಭಾಷಾನದ್ದು ಮತ್ತು ನನ್ನದಾಯಿತು. ಆಮೇಲೆ ಆ ಶಾಲೆಯ ಮುಂದೆ ಯಾರೂ ಸತ್ತಿಲ್ಲ. ರಸ್ತೆಯಲ್ಲಿ ಕಲ್ಲು ಬಿಟ್ಟು ಹೋಗಬಾರದೆಂದು ಈಗಲೂ ಜಗಳವಾಡುತ್ತೇನೆ. ಆದರೆ ಕಲ್ಲಿನ ಸುತ್ತು ಕಂಡರೆ, ಎತ್ತುವ ಮುಂಚೆ ಒಂದು ಗಳಿಗೆ ಅಂಚಿನಲ್ಲೇ ನಿಲ್ಲುತ್ತೇನೆ.

ಬಸ್ಸಿನವರ ಗುರುತು ಸಿಗಲಿಲ್ಲ. ಟ್ಯಾಂಕರಿನ ಚಾಲಕ ಎಲ್ಲಿದ್ದಾನೋ ಗೊತ್ತಿಲ್ಲ. ಕಂಡವರಲ್ಲಿ ಭಾಷಾ ಇದ್ದಾನೆ, ಕೆ.ಆರ್. ಪುರದಲ್ಲಿ ಟೈರ್ ಅಂಗಡಿ. ಕೇಳಿದರೆ ಹೇಳುತ್ತಾನೆ, ಕೇಳದಿದ್ದರೆ ಇಲ್ಲ. ನನ್ನ ಮಗಳಿದ್ದಾಳೆ. ಅವಳಿಗೆ ಇದರಲ್ಲಿ ಯಾವ ವಿಚಿತ್ರವೂ ಕಾಣುವುದಿಲ್ಲ. "ಕಲ್ಲಿತ್ತು, ಸುತ್ತಿ ಹೋದ್ವಿ ಅಪ್ಪ," ಎನ್ನುತ್ತಾಳೆ. ರತ್ನಮ್ಮ ಇದ್ದಾಳೆ, ಹೊರಮಾವಿನ ಹಳೆಯ ಬೀದಿಯಲ್ಲಿ. ಆ ಒರಳುಕಲ್ಲನ್ನು ಅಂದೇ ಮನೆಗೆ ಸಾಗಿಸಿಕೊಂಡಳು. ಬಚ್ಚಲ ಬಾಗಿಲಲ್ಲಿ ಹಾಕಿದ್ದಾಳೆ, ಅದರ ಮೇಲೆ ಬಟ್ಟೆ ಒಗೆಯುತ್ತಾಳೆ.