ಕಿಟಕಿಯಲ್ಲಿ ಕೂರಿಸಿದ ದೊರೆ

ನನ್ನ ಭಾವ ಚಕ್ರವರ್ತಿಯ ಕ್ಷೌರಿಕರು. ಮದುವೆಯಾದ ಹೊಸದರಲ್ಲಿ ಅಕ್ಕ ಇದನ್ನು ಬೀದಿಗೆಲ್ಲ ಹೇಳಿಕೊಂಡು ಮೆರೆದಿದ್ದಳು. ಈಗ ಅರಮನೆಯ ಹೆಸರೆತ್ತಿದರೆ ನನ್ನ ಮೈ ಉರಿಯುತ್ತದೆ.

ನಮ್ಮ ಸಾಮ್ರಾಜ್ಯದಲ್ಲೊಂದು ಪದ್ಧತಿ. ದಿನಾ ಬೆಳಿಗ್ಗೆ ಚಕ್ರವರ್ತಿ ಚೌಕದ ಕಡೆಯ ಕಿಟಕಿಯಲ್ಲಿ ಕೂತು ಗಡ್ಡ ಮಾಡಿಸಿಕೊಳ್ಳಬೇಕು, ಜನ ಕೆಳಗೆ ನಿಂತು ನೋಡಬೇಕು. ಗಂಟಲ ಮೇಲೆ ಕತ್ತಿ ಆಡಿದರೂ ಹೆದರದವನು ದೊರೆ ಅಂತೆ! ಯಾವ ಮಹಾನುಭಾವನ ತಲೆಗೆ ಹೊಳೆಯಿತೋ. ಅಂತೂ ಗಡ್ಡ ಆಯಿತೆಂದರೆ ದೊರೆ ಗಟ್ಟಿಮುಟ್ಟಾಗಿದ್ದಾನೆ ಎಂದು ಜನ ನೆಮ್ಮದಿಯಿಂದ ಕೆಲಸಕ್ಕೆ ಹೋಗುತ್ತಿದ್ದರು.

ಭಾವನದು ಹಗುರ ಕೈ, ಆದರೆ ಬಾಯಿ ಮಾತ್ರ ಬೊಂಬಾಯಿ. ನಮ್ಮನೆಯ ಜಗಳಗಳನ್ನೆಲ್ಲ ದೊರೆಗೆ ಹೇಳಿ ನಗಿಸುತ್ತಿದ್ದರು. "ನಾನು ಸಾರಿಗೆ ಉಪ್ಪು ಮರೆತಿದ್ದೂ ಅವರಿಗೆ ಗೊತ್ತಾ?" ಎಂದು ಅಕ್ಕ ತಲೆ ಚಚ್ಚಿಕೊಳ್ಳುತ್ತಿದ್ದಳು.

ಮುದಿ ದೊರೆ ಉತ್ತರಾಧಿಕಾರಿ ಯಾರೆಂದು ಹೇಳದೆಯೇ ಸತ್ತ. ದೊಡ್ಡ ರಾಣಿಗೆ ತನ್ನ ಮಗ ಪಟ್ಟಕ್ಕೇರಬೇಕು. ಚಿಕ್ಕ ರಾಣಿಯ ಅಣ್ಣ ಸೇನಾಪತಿ, ಅವನಿಗೆ ತನ್ನ ಸೋದರಳಿಯನೇ ಆಗಬೇಕು. ಹಾವು ಮುಂಗುಸಿಯಂತಿದ್ದ ಆ ಸವತಿಯರು ಒಂದೇ ಒಂದು ವಿಷಯಕ್ಕೆ ಒಪ್ಪಿದರು: ಜಗಳ ತೀರುವವರೆಗೆ ಸಾವಿನ ಸುದ್ದಿ ಹೊರಬೀಳಬಾರದು. ಹೆಣದ ಸುತ್ತ ಮಂಜುಗಡ್ಡೆ ತುಂಬಿ, ಶಾಲು ಹೊದಿಸಿ, ಕಿಟಕಿಯಲ್ಲಿ ಕೂರಿಸಿದರು. ಭಾವನ ಕೈಗೆ ಕತ್ತಿ ಕೊಟ್ಟರು. ಅವರ ಬಾಯಿಯ ಭಯಕ್ಕೆ ಮನೆಗೆ ಬಿಡದೆ ಉಗ್ರಾಣದಲ್ಲಿ ಕೂಡಿಹಾಕಿದರು. ಇದೆಲ್ಲ ನಮಗೆ ಆಮೇಲೆ ಗೊತ್ತಾಗಿದ್ದು.

ಅದೇ ದಿನಗಳಲ್ಲಿ ಅಕ್ಕ ಜ್ವರದಿಂದ ಹಾಸಿಗೆ ಹಿಡಿದಿದ್ದಳು. ಉಸಿರಾಡುವುದೇ ಕಷ್ಟವಾಗಿತ್ತು. ಬಾಗಿಲಲ್ಲಿ ಸದ್ದಾದರೆ "ಅವರು ಬಂದ್ರಾ?" ಎಂದು ತಲೆಯೆತ್ತುತ್ತಿದ್ದಳು. ನಾನು ಚೌಕಕ್ಕೆ ಓಡಿದೆ. ಭಾವ ಕಿಟಕಿಯಲ್ಲಿ ಆರಾಮಾಗಿ ನೊರೆ ಹಚ್ಚುತ್ತಿದ್ದರು.

"ಭಾವಾ! ಅಕ್ಕ ಉಳಿಯೋ ಹಾಗೆ ಕಾಣಲ್ಲ, ಬನ್ನಿ!"

ಅವರ ಕೈ ನಿಂತಿತು. ಪರದೆಯ ಹಿಂದೆ ಯಾರೋ ಏನೋ ಅಂದರು. ಕೈ ಮತ್ತೆ ಆಡಿತು. ಮನೆಗೆ ಬಂದು ಭಾವನನ್ನು ಬಾಯಿಗೆ ಬಂದ ಹಾಗೆ ಬೈದೆ.

"ಅವರು ದೊರೆ ಹತ್ರ ಮಾತಾಡ್ತಿದ್ರಾ?" ಎಂದು ಅಕ್ಕ ಕೇಳಿದಳು.

"ಇಲ್ಲ, ತುಟಿ ಪಿಟಕ್ಕನ್ನಲಿಲ್ಲ."

"ಹಾಗಾದ್ರೆ ಅಲ್ಲೇನೋ ಕೆಟ್ಟದ್ದಾಗಿದೆ ಕಣೆ. ಅವರನ್ನ ಬೈಬೇಡ."

ಮಾರನೆಯ ದಿನ ನನ್ನ ತೊಡೆಯ ಮೇಲೆ ತಲೆಯಿಟ್ಟು ಹೋಗಿಬಿಟ್ಟಳು.

ಆ ಕಡೆ ದೊಡ್ಡ ರಾಣಿ ಸೇನಾಪತಿಯನ್ನು ಸಂಧಾನದ ಊಟಕ್ಕೆ ಕರೆದು ಮುಗಿಸಿದಳು, ಚಿಕ್ಕ ರಾಣಿಯನ್ನೂ ಮಗನನ್ನೂ ಸೆರೆಗೆ ತಳ್ಳಿದಳು. ಆಮೇಲೆ ಗಂಟೆ ಹೊಡೆಸಿ, ದೊರೆ ಈಗಷ್ಟೇ ತೀರಿಕೊಂಡರೆಂದು ಸಾರಿಸಿದಳು. ಬಾಯಿ ಬಿಟ್ಟರೆ ತಲೆ ಹೋದೀತೆಂದು ಹೆದರಿಸಿ ಭಾವನನ್ನು ಬಿಟ್ಟರು. ಅವರು ಮನೆಗೆ ಬಂದಾಗ ಹಾಸಿಗೆ ಸುತ್ತಿಟ್ಟಿತ್ತು. ಗೋಡೆಗೊರಗಿ ಕೂತು ಎಲ್ಲವನ್ನೂ ಹೇಳಿದರು, ಹೇಳುತ್ತ ಮಗುವಿನ ಹಾಗೆ ಅತ್ತರು.

ಪಟ್ಟವಾದ ಮರುದಿನ ಹೊಸ ದೊರೆಯ ಮೊದಲ ಕ್ಷೌರ. ನಾನು ಕಿಟಕಿಯ ಕೆಳಗೇ ನಿಂತಿದ್ದೆ. ಅರ್ಧ ಗಡ್ಡ ಆಗಿತ್ತು. ಅವನು ಜನಕ್ಕೆ ಕೇಳಲೆಂದೇ ಜೋರಾಗಿ ಅಂದ: "ನಮ್ಮ ತಂದೆಯ ಕೊನೇ ದಿನಗಳಲ್ಲಿ ನೀನು ಪಕ್ಕದಲ್ಲೇ ಇದ್ದೆ. ಏನು ಬೇಕೋ ಕೇಳು."

ಭಾವ ಕತ್ತಿ ಒರೆಸಿ ಕೆಳಗಿಟ್ಟರು. ಚೌಕದ ಕಡೆ ತಿರುಗಿದರು.

"ಕೊನೇ ದಿನಗಳಲ್ಲಲ್ಲ. ಸತ್ತ ಮೇಲೆ! ಹೆಣಕ್ಕೆ ಗಡ್ಡ ಮಾಡಿದೀನಿ ಕಣ್ರಪ್ಪೋ! ನನ್ನ ಹೆಂಡ್ತಿ ಮನೇಲಿ ನನ್ನ ದಾರಿ ಕಾಯ್ತಾ ಸತ್ತಳು!"

ಒಳಗಿನವರು ಪರದೆ ಎಳೆದರು. ಅಂದಿನಿಂದ ಭಾವನ ಪತ್ತೆಯಿಲ್ಲ.

ನಾನು ದಿನಾ ಅರಮನೆಯ ಬಾಗಿಲಿಗೆ ಹೋಗಿ ಜಗಳ ಕಾಯುತ್ತೇನೆ. ಕಾವಲುಗಾರನದು ಒಂದೇ ಉತ್ತರ: "ನಿಮ್ಮ ಭಾವ ಒಳಗೆ ಚೆನ್ನಾಗಿದಾರಮ್ಮ, ಹೋಗಿ." ಈ ಅರಮನೆಯವರ ಬಾಯಲ್ಲಿ ಚೆನ್ನಾಗಿದ್ದಾರೆ ಎಂದು ಕೇಳಿದಾಗೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ.