ಕಂಬಕ್ಕೆ ತಾಗಿದ ಚೆಂಡು

ಅಂಪೈರ್ ಮಾಡಿದ್ದು ತಪ್ಪು ಎಂದು ನಾನು ಮೊದಲ ಸಲ ಹೇಳಿದಾಗ ಆ ಆಟದ ಒಂದು ನಿಯಮವೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ನಾನೇನೂ ಸುಮ್ಮನಾಗಲಿಲ್ಲ. ಶಾಲೆಯಲ್ಲೂ ಕಾಲೇಜಿನಲ್ಲೂ ಡಿಬೇಟ್ ಮಾಡಿ ಬೆಳೆದವರಿಗೆ ವಿಷಯ ಗೊತ್ತಿರಲೇಬೇಕೆಂದಿಲ್ಲ. ಹದಿನೈದು ನಿಮಿಷ ಸಮಯ, ಒಂದು ಖಾಲಿ ಹಾಳೆ ಕೊಟ್ಟರೆ ಯಾವ ಪಕ್ಷವನ್ನು ಬೇಕಾದರೂ ಹಿಡಿಯುತ್ತೇವೆ.

ದುಬೈಯ ಸಿಲಿಕಾನ್ ಓಯಸಿಸ್‌ನ ನಮ್ಮ ಆಫೀಸಿನಲ್ಲಿ ಆಸ್ಟ್ರೇಲಿಯಾದವನೊಬ್ಬನಿದ್ದ. ಚಳಿಗಾಲದ ಶನಿವಾರಗಳಲ್ಲಿ ತನ್ನ ದೇಶದ ಫುಟ್‌ಬಾಲ್ ಆಡಲು ಹೋಗುತ್ತಿದ್ದ, ನೋಡಲು ನಮ್ಮನ್ನೂ ಎಳೆದುಕೊಂಡು ಹೋಗುತ್ತಿದ್ದ. ಮೊಟ್ಟೆಯಾಕಾರದ ಚೆಂಡು. ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು, ಮುಷ್ಟಿಯಿಂದ ಗುದ್ದಬಹುದು, ಎಸೆಯುವಂತಿಲ್ಲ. ಅದಕ್ಕೆ ಬೇಕಾದಷ್ಟು ದೊಡ್ಡ ಮೈದಾನ ನಮಗೆ ಸಿಗುತ್ತಿರಲಿಲ್ಲ. ರಗ್ಬಿ ಮೈದಾನದಲ್ಲೇ ಕಿತ್ತಳೆ ಬಣ್ಣದ ಕೋನ್‌ಗಳಿಂದ ಅಂಡಾಕಾರದ ಅಂಚು ಮಾಡಿ, ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ ನಿಲ್ಲಿಸಿ ಆಡುತ್ತಿದ್ದರು.

ಆ ದಿನ ಒಬ್ಬ ಆಟಗಾರ ಚೆಂಡು ಬಿಡದೆ ಎದುರಾಳಿಯ ಹಿಡಿತಕ್ಕೆ ಸಿಕ್ಕಿಬಿದ್ದ, ಅಂಪೈರ್ ಸೀಟಿ ಊದಲಿಲ್ಲ. ಎರಡು ನಿಮಿಷದ ನಂತರ ಇನ್ನೊಬ್ಬ ಹಾಗೆಯೇ ಸಿಕ್ಕಿಬಿದ್ದ, ಊದಿದರು.

"ಎಂತ ಕರ್ಮ ಇದು, ಆಗ ಕೊಡ್ಲಿಲ್ಲ, ಈಗ ಕೊಟ್ರು" ಎಂದೆ. ಇಲ್ಲಿ ಯಾರಿಗೆ ಕನ್ನಡ ಬರುತ್ತದೆ ಎಂಬ ಧೈರ್ಯದಲ್ಲಿ ಸ್ವಲ್ಪ ಜೋರಾಗಿಯೇ ಹೇಳಿದ್ದೆ. ಓಡುತ್ತಿದ್ದ ಅಂಪೈರ್ ಒಂದು ಸಲ ತಿರುಗಿ ನೋಡಿದರು.

ವಿರಾಮದಲ್ಲಿ ಅವರು ನೇರ ನನ್ನ ಹತ್ತಿರವೇ ಬಂದರು. ಐವತ್ತು ದಾಟಿದ ಗಿಡ್ಡ ಆಳು, ನರೆತ ಗಡ್ಡ.

"ಊರು ಎಲ್ಲಿ?"

"ಬಂಟ್ವಾಳ. ಬೆಳೆದದ್ದೆಲ್ಲ ಇಲ್ಲೇ ದೇರಾದಲ್ಲಿ."

"ನಂದು ಉಳ್ಳಾಲ. ಎಂತ, ಅಂಪೈರಿಂಗ್ ಸರಿ ಇಲ್ವಾ?"

"ಒಂದೇ ತಪ್ಪಿಗೆ ಎರಡು ತೀರ್ಪು ಕೊಟ್ರಿ. ಕಾರಣವನ್ನೂ ಹೇಳ್ಲಿಲ್ಲ."

"ಮೊದಲಿನವನಿಗೆ ಚೆಂಡು ಬಿಡ್ಲಿಕ್ಕೆ ಸಮಯವೇ ಸಿಕ್ಕಿರ್ಲಿಲ್ಲ. ಎರಡನೆಯವನಿಗೆ ಸಿಕ್ಕಿತ್ತು, ಬಿಡ್ಲಿಲ್ಲ. ಅಷ್ಟೇ ಕಾರಣ."

"ಅದನ್ನು ಅಲ್ಲೇ ಹೇಳ್ಬೇಕಿತ್ತು."

"ಹೇಳ್ತಾ ನಿಂತ್ರೆ ಚೆಂಡು ಅಬುಧಾಬಿಗೆ ಮುಟ್ಟಿರ್ತದೆ ಮಾರಾಯ್ತಿ. ಅಷ್ಟು ಕಣ್ಣು ಉಂಟಾದ್ರೆ ಬರುವ ವಾರ ಬಾ. ಗೋಲ್ ಅಂಪೈರ್ ಒಬ್ಬರು ಕಮ್ಮಿ ಇದ್ದಾರೆ."

ಸವಾಲು ಹಾಕಿದರೆ ಹಿಂದೆ ಸರಿಯುವ ಜಾತಿ ನನ್ನದಲ್ಲ. ಮನೆಯಲ್ಲಿ ಅಮ್ಮ ಕೇಳಿದರು, "ರಜೆ ದಿನ ಬಿಸಿಲಲ್ಲಿ ನಿಂತು ಜನರ ಹತ್ರ ಬೈಸಿಕೊಳ್ಳಿಕ್ಕೆ ನಿನಗೆ ಸಂಬಳ ಕೊಡ್ತಾರಾ?"

"ಇಲ್ಲ."

"ಹಾಗಾದ್ರೆ ಮನೆಯಲ್ಲೇ ಇರು. ನಾನೇ ಬೈತೇನೆ."

ಆ ಅಂಪೈರ್, ಅಬುಧಾಬಿಯಿಂದಲೂ ಆಚೆಗಿನ ಮದೀನತ್ ಜಾಯೆದ್‌ನ ಒಂದು ಶಾಲೆಯಲ್ಲಿ ಪಿ.ಟಿ. ಮಾಸ್ಟ್ರು. ಊರಿನಲ್ಲಿ ಕಬಡ್ಡಿಗೆ ತೀರ್ಪುಗಾರರಾಗಿದ್ದವರು, ಈ ಆಟವನ್ನು ಇಲ್ಲಿ ಜೊತೆಯ ಶಿಕ್ಷಕರೊಬ್ಬರಿಂದ ಕಲಿತರು. ಪ್ರತಿ ಶನಿವಾರ ಮರಳುಗಾಡಿನ ದಾರಿಯಲ್ಲಿ ಒಬ್ಬರೇ ಕಾರು ಓಡಿಸಿಕೊಂಡು ದುಬೈಗೆ ಬರುತ್ತಿದ್ದರು. ಆರು ಸೀಸನ್ ಸೀಟಿ ಊದಿದ್ದರೂ ಫೈನಲ್ ಒಂದೂ ಸಿಕ್ಕಿರಲಿಲ್ಲ. ಫೈನಲ್‌ಗೆ ಆ ಆಟದ ದೇಶದಲ್ಲೇ ಹುಟ್ಟಿದವರನ್ನು ಹುಡುಕುತ್ತಿದ್ದರು. ಹುಟ್ಟಿದ ಊರಿಗೂ ಕಣ್ಣಿನ ದೃಷ್ಟಿಗೂ ಏನು ಸಂಬಂಧವೆಂದು ನಾನು ಸಿಕ್ಕವರನ್ನೆಲ್ಲ ಕೇಳಿದೆ. ಆ ವರ್ಷ ಮಾತ್ರ ಲೀಗಿನ ಸಮಿತಿ, ಸೆಮಿಫೈನಲ್ ಗಲಾಟೆಯಿಲ್ಲದೆ ಮುಗಿಸಿದರೆ ಫೈನಲ್ ನಿಮಗೇ ಎಂದಿತ್ತಂತೆ. ಮಾಸ್ಟ್ರು ಅದನ್ನು ನನಗೆ ಒಂದೇ ಸಲ ಹೇಳಿದ್ದು, ಬೂಟಿನ ಲೇಸ್ ಕಟ್ಟುತ್ತಾ, ನನ್ನ ಮುಖ ನೋಡದೆ.

ಗೋಲ್ ಅಂಪೈರನ ಕೆಲಸ ಹೇಳಲು ಸುಲಭ. ಚೆಂಡು ಒದೆಸಿಕೊಂಡು ನಡುವಿನ ಎರಡು ಕಂಬಗಳ ನಡುವೆ ಹೋದರೆ ಗೋಲ್, ಆರು ಅಂಕ. ಪಕ್ಕದ ಕಂಬಗಳ ನಡುವೆ ಹೋದರೆ ಒಂದು ಅಂಕ. ನಡುವಿನ ಕಂಬಕ್ಕೆ ತಾಗಿದರೆ, ತಾಗಿ ಒಳಗೇ ಹೋದರೂ, ಒಂದೇ ಅಂಕ. ಮೈದಾನದೊಳಗಿನ ಅಂಪೈರ್ "ಆಲ್ ಕ್ಲಿಯರ್" ಎಂದು ಕೂಗಿದ ಮೇಲೆ ನಾವು ಗೋಲಿಗೆ ಎರಡು ಬೆರಳು, ಒಂದಂಕಕ್ಕೆ ಒಂದು ಬೆರಳು ತೋರಿಸಿ, ಅಷ್ಟೇ ಬಾವುಟ ಬೀಸಬೇಕು. ಆಚೆ ತುದಿಯ ಗೋಲ್ ಅಂಪೈರ್ ಅದನ್ನು ನೋಡಿ ತಾನೂ ಅಷ್ಟೇ ಬಾವುಟ ಬೀಸಿ ಉತ್ತರ ಕೊಡಬೇಕು. ಇಬ್ಬರ ಲೆಕ್ಕವೂ ಒಂದೇ ಇರಲಿ ಎಂದು.

ಅಂಪೈರಿಂಗ್ ಗುಣಮಟ್ಟ ಸುಧಾರಿಸಬೇಕು ಎಂದು ಲೀಗಿನಲ್ಲಿ ಹೇಳದವರಿರಲಿಲ್ಲ. ಸೋತವರು ಹೆಚ್ಚು ಹೇಳುತ್ತಿದ್ದರು. ಆದರೆ ಗೋಲ್ ಅಂಪೈರ್ ಕೊಡಿ ಎಂದರೆ ಪ್ರತಿ ಕ್ಲಬ್ಬೂ ಕಳಿಸುತ್ತಿದ್ದದ್ದು ಆ ವಾರ ಮೊಣಕಾಲು ಉಳುಕಿಸಿಕೊಂಡವನನ್ನು. ಕುಂಟುವವನ ಕೈಗೆ ಬಾವುಟ ಕೊಟ್ಟು, ಅವನು ಕಂಬಗಳ ನಡುವಿನ ಗೆರೆಯ ಮೇಲೆ ಸಮಯಕ್ಕೆ ಬರಲಿಲ್ಲ ಎಂದು ಬೈಯುವುದು. ನಾನು ಈ ವೈರುಧ್ಯವನ್ನೆಲ್ಲ ಬರೆದು, ಲಿಖಿತ ಪರೀಕ್ಷೆ ಇಡಬೇಕು, ವಿಡಿಯೊ ತೆಗೆಯಬೇಕು, ಪ್ರತಿ ತೀರ್ಪಿಗೂ ಕಾರಣ ಕೊಡಬೇಕು ಎಂದು ಮೂರು ಪುಟದ ಯೋಜನೆ ಮಾಡಿ ಮಾಸ್ಟ್ರಿಗೆ ಕೊಟ್ಟೆ. ನಿಯಮಗಳ ಪರೀಕ್ಷೆಯನ್ನು ನಾನೇ ತಯಾರಿಸಿ ನಾನೇ ಬರೆದು ಪೂರ್ತಿ ಅಂಕ ತೆಗೆದಿದ್ದೆ.

ಮಾಸ್ಟ್ರು ಮೂರೂ ಪುಟ ಓದಿದರು. "ಒಳ್ಳೆದುಂಟು. ಇದರಲ್ಲಿ ಕಾಲಿನ ವಿಷಯ ಇಲ್ಲ."

"ಯಾವ ಕಾಲು?"

"ನಿನ್ನದು. ಚೆಂಡು ಬರುವ ಮೊದಲು ನೀನು ಗೆರೆಯ ಮೇಲೆ ಇರ್ಬೇಕು. ತಡವಾಗಿ ಹೋದವನಿಗೆ ಚೆಂಡು ಕಾಣುದಿಲ್ಲ, ಅಂದಾಜು ಕಾಣ್ತದೆ. ಮತ್ತೆ ಅವನು ಆ ಅಂದಾಜಿಗೆ ಕಾರಣ ಹುಡುಕ್ತಾನೆ."

ಅದು ನನಗೇ ಹೇಳಿದ್ದು ಎಂದು ಆಗ ಅನಿಸಲಿಲ್ಲ.

ಸೆಮಿಫೈನಲ್ ನಮ್ಮ ಆಫೀಸಿನವನ ದುಬೈ ತಂಡಕ್ಕೂ ಅಬುಧಾಬಿಯ ಒಂದು ತಂಡಕ್ಕೂ. ಮಾಸ್ಟ್ರು ಮೈದಾನದೊಳಗೆ, ನಾನು ಒಂದು ತುದಿಯಲ್ಲಿ. ಆಟದ ನಾಲ್ಕು ಭಾಗಗಳಲ್ಲಿ ಮೂರು ಗಲಾಟೆಯಿಲ್ಲದೆ ಮುಗಿದವು. ಕೊನೆಯ ಭಾಗದಲ್ಲಿ ದುಬೈಯವನೊಬ್ಬ ದೂರದಿಂದ ಒದ್ದ. ನಾನು ಗೆರೆಯ ಮೇಲೆ ಸಮಯಕ್ಕೆ ನಿಂತಿದ್ದೆ, ಕಾಲಿನ ತಪ್ಪಿಲ್ಲ. ಚೆಂಡು ನಡುವಿನ ಎಡಗಂಬದ ಒಳಬದಿಗೆ "ಟಕ್" ಎಂದು ತಾಗಿ ಒಳಗೆ ಹೋಯಿತು. ಮಾಸ್ಟ್ರು "ಆಲ್ ಕ್ಲಿಯರ್" ಎಂದರು. ನನ್ನ ಎರಡೂ ತೋರುಬೆರಳು ಮುಂದೆ ಚಾಚಿದವು. ಗೋಲ್.

ಹೇಗಾಯಿತೆಂದರೆ, ದೇರಾದ ನಮ್ಮ ಬಿಲ್ಡಿಂಗಿನ ಹಿಂದಿನ ಪಾರ್ಕಿಂಗಿನಲ್ಲಿ ನಾವು ಮಕ್ಕಳೆಲ್ಲ ಫುಟ್‌ಬಾಲ್ ಆಡುತ್ತಿದ್ದೆವು. ಒಂದು ಬದಿಗೆ ಪಾರ್ಕಿಂಗ್ ಬೋರ್ಡಿನ ಕಂಬ, ಇನ್ನೊಂದು ಬದಿಗೆ ಎ.ಸಿ. ನೀರಿನ ಪೈಪು, ಅದೇ ಗೋಲು. ಪೈಪಿಗೆ ತಾಗಿ ಒಳಗೆ ಹೋದ ಚೆಂಡಿಗೆ ಎಲ್ಲಕ್ಕಿಂತ ಜೋರು ಬೊಬ್ಬೆ. ಹತ್ತು ವರ್ಷ ಕೇಳಿದ ಶಬ್ದ ಅದು. ನಿಯಮ ನನಗೆ ಬಾಯಿಪಾಠ ಬರುತ್ತಿತ್ತು. ಆ ಕ್ಷಣ ನನ್ನ ಕೈ ಬಾಯಿಯನ್ನು ಕೇಳಲಿಲ್ಲ.

ಬಾವುಟ ಬೀಸುತ್ತಿರುವಾಗಲೇ ತಪ್ಪು ಗೊತ್ತಾಯಿತು. ಆಟ ಮತ್ತೆ ನಡುವಿನಿಂದ ಶುರುವಾಗುವ ಮೊದಲು ಓಡಿಹೋಗಿ ಹೇಳಿದರೆ ತಿದ್ದಬಹುದಿತ್ತು. ಅಷ್ಟು ಹೊತ್ತು ಇತ್ತು. ಆದರೆ ನನ್ನ ತಲೆ ಎದುರು ಪಕ್ಷವನ್ನು ಎಬ್ಬಿಸಿ ನಿಲ್ಲಿಸಿತು. ಆ ಶಬ್ದ ಕಂಬದ್ದೇ ಎನ್ನಲು ಪುರಾವೆ ಏನು? ಕಂಬಕ್ಕೆ ಒರಗಿಸಿಟ್ಟ ಬಾವುಟದ ಕೋಲು ಗಾಳಿಗೆ ಬಡಿದಿರಬಾರದೇಕೆ? ಒಳ್ಳೆಯ ವಾದ. ಅದು ಮುಗಿಯುವಷ್ಟರಲ್ಲಿ ಚೆಂಡು ಮೈದಾನದ ನಡುವೆ ಮೇಲೆದ್ದು ಆಟ ಶುರುವಾಗಿತ್ತು.

ದುಬೈ ಮೂರು ಅಂಕಗಳಿಂದ ಗೆದ್ದಿತು. ನಾನು ಒಂದು ಬೆರಳು ತೋರಿಸಿದ್ದರೆ ಎರಡು ಅಂಕಗಳಿಂದ ಸೋಲುತ್ತಿತ್ತು. ಅಬುಧಾಬಿಯ ನಾಯಕ ಮಾಸ್ಟ್ರ ಮುಖದ ಹತ್ತಿರ ನಿಂತು, ಅದು ಗೋಲೇ ಅಲ್ಲ ಎಂದು ಕೂಗಾಡಿದ. ಮೈದಾನದಲ್ಲಿ ಜನರ ಸಿಟ್ಟು ಯಾವಾಗಲೂ ಸೀಟಿ ಇರುವವನ ಕಡೆಗೇ ಹೋಗುತ್ತದೆ, ಬಾವುಟದವರನ್ನು ಯಾರೂ ನೋಡುವುದಿಲ್ಲ.

ಪಾರ್ಕಿಂಗಿನಲ್ಲಿ ಕೋನ್‌ಗಳನ್ನು ಡಿಕ್ಕಿಗೆ ಹಾಕುತ್ತಾ ಮಾಸ್ಟ್ರು ಕೇಳಿದರು, "ಕಂಬಕ್ಕೆ ತಾಗಿತಾ?"

"ಖಚಿತ ಹೇಳ್ಲಿಕ್ಕೆ ಬರುದಿಲ್ಲ ಮಾಸ್ಟ್ರೇ. ಎರಡೂ ಕಡೆಗೆ ವಾದ ಉಂಟು."

"ಚೆಂಡಿಗೆ ಎರಡು ಕಡೆ ಇಲ್ಲ ಮಾರಾಯ್ತಿ. ತಾಗಿದ್ರೆ ತಾಗಿತು."

ಅವರು ಡಿಕ್ಕಿ ಮುಚ್ಚಿ, ಸಮಿತಿಗೆ ರಿಪೋರ್ಟ್ ಕಳಿಸಲು ನೆನಪಿಸಿ ಹೊರಟರು.

ಆ ಸಂಜೆಯ ರಿಪೋರ್ಟ್ ನಾನು ಬರೆದ ಅತ್ಯುತ್ತಮ ಬರಹಗಳಲ್ಲಿ ಒಂದು. ಶಬ್ದವನ್ನು ಪುರಾವೆಯೆನ್ನಲು ಯಾಕೆ ಆಗದು ಎಂದು ತೋರಿಸಿದ್ದೆ. ಗೋಲ್ ಎಂಬ ತೀರ್ಪು ಪೂರ್ತಿಯಾಗುವುದು "ಆಲ್ ಕ್ಲಿಯರ್" ಆದ ಮೇಲೆಯೇ, ಆದ್ದರಿಂದ ಅದು ಒಬ್ಬರ ತೀರ್ಪಲ್ಲ, ಇಬ್ಬರದ್ದು ಎಂದೂ ಬರೆದಿದ್ದೆ. ಸುಳ್ಳು ಒಂದು ವಾಕ್ಯವೂ ಇರಲಿಲ್ಲ. "ಆಲ್ ಕ್ಲಿಯರ್" ಎಂದರೆ ಆಟಗಾರರ ಕಡೆಯಿಂದ ತಪ್ಪಾಗಿಲ್ಲ ಎಂದಷ್ಟೇ ಅರ್ಥ, ಕಂಬ ಪೂರ್ತಿ ಗೋಲ್ ಅಂಪೈರನ ಪಾಲಿನದು ಎಂಬ ಒಂದು ವಾಕ್ಯ ಮಾತ್ರ ಬಿಟ್ಟುಹೋಗಿತ್ತು. ಬಿಟ್ಟುಹೋಗಿತ್ತು ಎಂದೆನಲ್ಲ, ಅಲ್ಲ. ಬಿಟ್ಟಿದ್ದೆ.

ಎರಡು ದಿನದಲ್ಲಿ ಸಮಿತಿಯ ಉತ್ತರ ನಮ್ಮಿಬ್ಬರಿಗೂ ಬಂತು. ರಿಪೋರ್ಟ್ ಬಹಳ ಸ್ಪಷ್ಟವಾಗಿದೆ ಎಂದು ನನ್ನನ್ನು ಹೊಗಳಿದ್ದರು. ಹೊಣೆ ಇಬ್ಬರದ್ದೂ ಇರುವುದರಿಂದ, ಅನುಮಾನಕ್ಕೆ ಎಡೆಯಿರದಂತೆ, ಫೈನಲ್‌ಗೆ ಹೊರಗಿನಿಂದ ಒಬ್ಬ ಅಂಪೈರನ್ನು ಕರೆಸುತ್ತಿದ್ದೇವೆ ಎಂದಿದ್ದರು. ಗೋಲ್ ಅಂಪೈರ್‌ಗಳಾಗಿ ನಾವಿಬ್ಬರು ನಿಲ್ಲಬಹುದು.

ವಾದದಲ್ಲಿ ಗೆದ್ದಿದ್ದೆ. ಬಹುಮಾನ ಏನೆಂದು ಅರ್ಥವಾಗಲು ಆ ಪತ್ರವನ್ನು ಎರಡು ಸಲ ಓದಬೇಕಾಯಿತು.

ಮಧ್ಯಾಹ್ನ ಮಾಸ್ಟ್ರಿಗೆ ಫೋನ್ ಮಾಡಿದೆ. ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು.

"ನಿನ್ನ ರಿಪೋರ್ಟ್ ಓದಿದೆ" ಎಂದರು. "ಇಂಗ್ಲಿಷ್ ಚೆಂದ ಉಂಟು. ಅಂದು ಎಂತ ಆಯ್ತು ಅಂತ ಎಲ್ಲಿ ಬರ್ದಿದ್ದಿ? ನನಗೆ ಸಿಕ್ಕಿಲ್ಲ."

"ತಾಗಿತ್ತು ಮಾಸ್ಟ್ರೇ. ನಾನು ಕೇಳಿದ್ದೆ."

ಮಕ್ಕಳ ಗದ್ದಲ ದೂರವಾಯಿತು, ಅವರು ಆಚೆ ನಡೆದಿರಬೇಕು.

"ಅದು ನನಗೆ ಆಗಲೇ ಗೊತ್ತಿತ್ತು. ನಿನ್ನ ಬಾವುಟ ಮೇಲೆ ಹೋಯ್ತು, ಮುಖ ಮೇಲೆ ಹೋಗ್ಲಿಲ್ಲ. ಆದ್ರೆ ಮುಖ ನೋಡಿ ತೀರ್ಪು ಕೊಡ್ಲಿಕ್ಕೆ ನಿಯಮ ಇಲ್ಲ. ನೀನು ಹೇಳ್ಬೇಕಿತ್ತು."

"ಸಮಿತಿಗೆ ಈಗ ಬರೀತೇನೆ. ಫೈನಲ್‌ಗೆ ನಾನು ಬರುದಿಲ್ಲ."

"ಬರಿ. ಆದ್ರೆ ಬರುದಿಲ್ಲ ಅಂತ ಎಂತಕ್ಕೆ? ನೀನು ಬಾರದಿದ್ರೆ ಆ ತುದಿಗೆ ಯಾರು? ಪುನಃ ಒಬ್ಬ ಕುಂಟನನ್ನು ಕಳಿಸ್ತಾರೆ."

ಅಂದು ಸಮಿತಿಗೂ ಎರಡೂ ತಂಡಗಳಿಗೂ ಒಂದೇ ಸಾಲು ಬರೆದೆ: ಚೆಂಡು ಕಂಬಕ್ಕೆ ತಾಗಿತ್ತು, ನಾನು ಕೇಳಿಯೂ ಗೋಲ್ ಕೊಟ್ಟೆ, ಮಾಸ್ಟ್ರ ತಪ್ಪಿಲ್ಲ. ಅದನ್ನು ಬರೆಯಲು ಮೂರು ಪುಟದ ಯೋಜನೆಗಿಂತ ಹೆಚ್ಚು ಹೊತ್ತು ಬೇಕಾಯಿತು. ಸಮಿತಿ ಸಭ್ಯವಾಗಿ ಧನ್ಯವಾದ ಹೇಳಿತು. ಫಲಿತಾಂಶ ಬದಲಾಗುವುದಿಲ್ಲ, ಹೊರಗಿನ ಅಂಪೈರ್ ಬರುವುದೂ ಖಚಿತವಾಗಿಬಿಟ್ಟಿದೆ ಎಂದಿತು. ಅಬುಧಾಬಿಯ ನಾಯಕ ಒಂದು ಪದದ ಉತ್ತರ ಕಳಿಸಿದ: "ಖಲಾಸ್." ಅದು ಕ್ಷಮೆಯೋ ಸಿಟ್ಟೋ ಗೊತ್ತಾಗಲಿಲ್ಲ, ಕೇಳಲೂ ಹೋಗಲಿಲ್ಲ. ನಮ್ಮ ಆಫೀಸಿನವನು ಎರಡು ದಿನ ನನ್ನ ಮೇಜಿನ ಹತ್ತಿರ ಬರಲಿಲ್ಲ. ಮೂರನೆಯ ದಿನ ಚಹಾ ತಂದಿಟ್ಟು ಹೋದ.

ಡಿಬೇಟಿನಲ್ಲಿ ತೀರ್ಪುಗಾರರು ಎರಡೂ ಪಕ್ಷ ಕೇಳಿ, ಯೋಚಿಸಿ, ಕಾರಣ ಕೊಟ್ಟು ತೀರ್ಪು ಕೊಡುತ್ತಾರೆ. ಅಂಪೈರಿಂಗ್ ಕೂಡ ಹಾಗೇ ಆದರೆ ಸುಧಾರಿಸುತ್ತದೆ ಎಂದು ನಾನು ನಂಬಿದ್ದೆ. ಈಗಲೂ ವಿಡಿಯೊ ಬೇಕು, ಪರೀಕ್ಷೆ ಬೇಕು ಎನ್ನುತ್ತೇನೆ. ಆ ಪಟ್ಟು ಬಿಟ್ಟಿಲ್ಲ. ಆದರೆ ಅವೆಲ್ಲ ಗೊತ್ತಿಲ್ಲದವನ ತಪ್ಪನ್ನು ತಿದ್ದುತ್ತವೆ. ಗೊತ್ತಿದ್ದೂ ಬಾಯಿ ತೆರೆಯದವಳನ್ನು ಏನು ಮಾಡುವುದು ಎಂಬುದಕ್ಕೆ ನನ್ನ ಮೂರು ಪುಟಗಳಲ್ಲಿ ಜಾಗವಿರಲಿಲ್ಲ.

ಫೈನಲ್ ದಿನ ಗಾಳಿ ಜೋರಾಗಿತ್ತು. ಸೀಟಿ ಹೊರಗಿನಿಂದ ಬಂದವರ ಕೊರಳಲ್ಲಿ. ಮಾಸ್ಟ್ರು ಆಚೆ ತುದಿಯಲ್ಲಿ, ಎರಡು ಬಾವುಟ ಹಿಡಿದು, ಟೋಪಿ ಹಾರದಂತೆ ಆಗಾಗ ತಲೆ ಮುಟ್ಟಿಕೊಳ್ಳುತ್ತಾ ನಿಂತಿದ್ದರು.

ಮೂರನೆಯ ಭಾಗದಲ್ಲಿ ನನ್ನ ತುದಿಗೆ ಒಂದು ಚೆಂಡು ಬಂತು. ಗಾಳಿಗೆ ವಾಲಿ ಬಲಗಂಬವನ್ನು ಸವರಿಕೊಂಡು ಒಳಗೆ ಹೋಯಿತು. ಈ ಸಲ ಶಬ್ದವೂ ಆಗಲಿಲ್ಲ, ಕಂಬ ಒಂದಿಷ್ಟು ನಡುಗಿತು, ಅಷ್ಟೇ. ಒದ್ದವನು ಆಗಲೇ ಕೈಯೆತ್ತಿ ಕುಣಿಯುತ್ತಿದ್ದ. ಅವನ ತಂಡದವರು ಓಡಿ ಬರುತ್ತಿದ್ದರು. "ಆಲ್ ಕ್ಲಿಯರ್" ಎಂಬ ಕೂಗು ಬಂತು.

ಕಂಬಕ್ಕೆ ತಾಗಿದೆ ಎನ್ನಲು ಅಂಗೈಯಿಂದ ಕಂಬವನ್ನು ತಟ್ಟಿ ತೋರಿಸಬೇಕು. ತಟ್ಟಿದೆ. ಒಂದು ಬೆರಳು ತೋರಿಸಿದೆ. ಸುತ್ತ ಬೈಗುಳ ಶುರುವಾಯಿತು. ಒಬ್ಬ, ಎರಡು ವಾರದ ಹಿಂದೆ ಇದೇ ಕಣ್ಣು ಎಲ್ಲಿತ್ತು ಎಂದ. ನ್ಯಾಯವಾದ ಪ್ರಶ್ನೆ. ಒಂದು ಬಾವುಟ ಎತ್ತಿ ಬೀಸಿದೆ.

ಮೈದಾನದ ಆಚೆ ತುದಿಯಲ್ಲಿ ಮಾಸ್ಟ್ರು ಟೋಪಿಯಿಂದ ಕೈ ತೆಗೆದು ಒಂದೇ ಬಾವುಟ ಎತ್ತಿದರು.